ಎಂಟು ಮನಿ ಡಬ್ಬಿ

ರಬಕವಿಯ ಬಣ್ಣಗಾರರ ಓಣಿ.
ಬಾಗಿಲ ಹಿಂದ, ಕ್ಯಾಲೆಂಡರ್ ಸರಿಸಿದರ, ಡಬ್ಬಿ.
ಎಂಟು ಮನಿ. ಎಂಟೂ ತುಂಬ್ಯಾವ.
ಬಂಗಾರೆವ್ವನ ರೊಟ್ಟಿ ಮಷೀನು ಅಂಗಳದಾಗ
ಇನ್ನೂ ಪ್ಲಾಸ್ಟಿಕ್ ಹೊದ್ದು ನಿಂತೈತಿ,
ಹೊಸ ಸೊಸಿಯಂಗ,
ತನಗಂತ ಒಂದು ಮನಿ ಬೇಕಂತ.

‘ದೊಡ್ಡ ಡಬ್ಬಿ ಕೂಡಸೂಣೇನ್ರಿ?’ ಅಂದೆ.
‘ಗ್ವಾಡಿ ಒಡೀಬೇಕಲ್ಲೋ ಹಾಸೀಮ,
ಆ ಗ್ವಾಡಿ ಯಾರ ಪಾಲಿಂದು ಅಂಬೂದು
ಇನ್ನೂ ಜಮಖಂಡಿ ಕೋರ್ಟಿನ್ಯಾಗ ಐತಿ.’

ಸರಿ. ಮುಚ್ಚಳ ಬಿಚ್ಚಿದೆ.
ಯಾರೋ ಹಿರಿಯ ಮಿಸ್ತ್ರಿಯ ಪೆನ್ಸಿಲ್ ಅಕ್ಷರ:
ಪಡಸಾಲಿ. ಅಡಗಿಮನಿ. ಪಂಪು. ಫ್ರಿಜ್ಜು.
ಏಳನೇದರ ಹೆಸರು ಅಳಿಸಿ ಹೋಗೇತಿ.
ಹೆಸರು ಅಳಿದ ಮನಿಗೆ ನಮ್ಮಲ್ಲಿ ಒಂದ ಶಾಸ್ತ್ರ:
ಆರಿಸು, ಯಾರು ಚೀರತಾರೋ ಕೇಳು.

ಆರಿಸಿದೆ.
ಪಡಸಾಲಿ ಸುಮ್ಮನಿತ್ತು, ಅಡಗಿಮನಿ ಸುಮ್ಮನಿತ್ತು,
ಓಣಿಯ ಮಗ್ಗ ತಮ್ಮ ಪಾಡಿಗೆ ಖಟಖಟ.
ಆಮ್ಯಾಲ ಗ್ವಾಡಿ ಆಚೆಯಿಂದ, ಮೈಗೆ ಸೋಪು ಹಚಗೊಂಡ ದನಿ:
‘ಯಾವ ಹಾಟ್ಯಾನೋ ಲೈಟ್ ತಗದಾಂವ!’

ಗುರುಬಸವ್ವ. ತಂಗಿಯಲ್ಲ, ನೆಗೆಣ್ಣಿ.
ಏಳು ವರ್ಷದಿಂದ ಮಾತಿಲ್ಲ.
ಮೀಟರ್ ಮಾತ್ರ ಒಂದ.
ತಿಂಗಳಿಗೊಮ್ಮೆ ಬಿಲ್ಲಿನ ಅರ್ಧ ರೊಕ್ಕ
ಕಿಡಕಿಯ ಕಟ್ಟಿಮ್ಯಾಲ, ಹಾರಬಾರದಂತ
ಒಂದು ಹುಣಸಿಬೀಜದ ಡಬರಿ ಹೇರಿ.

ವೈರಿಗೆ ಮೀಟರ್ ಹಾಕಿ ನೋಡಿದೆ.
ಪಡಸಾಲಿ ಅರ್ಧ ಆಂಪಿಲ್ಲ,
ಬಚ್ಚಲು, ಹಿತ್ತಲು, ದನದ ಕೊಟಗಿ ಸೇರಿ ಅದಕ್ಕಿಂತ ಕಡಿಮಿ.
ಈ ವೈರ್ ಎಳದಾಗ ಅರವತ್ತು ವ್ಯಾಟಿನ ಹಳದಿ ಬಲ್ಬು,
ಉಣ್ಣೋರು ಹದಿನೇಳು ಮಂದಿ.
ಈಗ ಒಂಬತ್ತು ವ್ಯಾಟು.
ಎರಡೂ ಕಡಿ ಕೂಡಿಸಿದರ ಆರು ಮಂದಿ.
ಭಾರ ಇಳದೈತಿ, ಮನಿ ಹಿಡಕೊಂಡು ಕುಂತಾವ.

‘ಇವೆರಡೂ ಕೂಡಿಸಿದರ ನಿಮ್ಮ ಮಷೀನಿಗೆ ಜಾಗ ಆಗತೈತಿ.
ಆದರ ಬೈನಿ, ಒಂದು ಮಾತು:
ಈ ಕಡಿ ಶಾರ್ಟ್ ಆದರ ಆ ಕಡೀನೂ ಕತ್ತಲಿ.
ಆಕಿಗೆ ಹೇಳದ ನಾ ಸ್ಕ್ರೂ ತಿರುವಾಂವ ಅಲ್ಲ.’

ಬಂಗಾರೆವ್ವ ಹಿಟ್ಟಿನ ಕೈ ಒರಸಿದಳು.
ಒರಸಿದ ಕೈಯನ್ನ ಮತ್ತ ಒರಸಿದಳು.
ಗ್ವಾಡಿ ಮುಂದ ನಿಂತು, ಗ್ವಾಡಿಗೇ ಹೇಳಿದಂಗ:
‘ನಿನ್ನ ಬಚ್ಚಲಾ, ನನ್ನ ಪಡಸಾಲಿ
ಒಂದ ಬಟನ್ನಿಗೆ ಹಚ್ಚತಾನಂತ.’

ಮಗ್ಗ. ಮಗ್ಗ. ಮಗ್ಗ.

‘ಬಿದ್ದರ ಎತ್ತೋರ್ಯಾರು? ಡಬ್ಬಿ ನಿಮ್ಮ ಕಡಿ ಐತಿ.’
‘ಹಗಲೆಲ್ಲಾ ಬಾಗಿಲಾ ತಗದಿರತೈತಿ.’
‘ರಾತ್ರಿ?’
ಬಂಗಾರೆವ್ವ ನನ್ನ ಮಾರಿ ನೋಡಿದಳು,
ವಿದ್ಯುತ್ತಿನ ಪ್ರಶ್ನೆ ಅಂಬಂಗ.
‘ರಾತ್ರಿ ಚಿಲಕಾ ಬಡಿ.’

ಮೇನ್ ಇಳಿಸಿದೆ.
ಎರಡು ಕೆಂಪು ವೈರು, ಒಂದರ ಬಣ್ಣ ಗುಲಾಬಿಗೆ ತಿರುಗೇತಿ,
ತುದಿ ಕೆರದು ಕನೆಕ್ಟರಿನ್ಯಾಗ ಒಟ್ಟಿಗೆ ಬಿಗಿದೆ,
ಅಲ್ಲಿಂದ ಒಂದ ಎಳಿ ಬಟನ್ನಿಗೆ.
ಕೂಡಿತಂತ ಬಟನ್ನು ದೊಡ್ಡದು ಮಾಡಬಾರದು;
ವೈರು ದಪ್ಪ ಆಗಿಲ್ಲ, ಹತ್ತರದ್ದು ಹತ್ತ ಇರಲಿ.
ನ್ಯೂಟ್ರಲ್ಲೂ ಹುಡಿಕಿ ಜೋಡಿ ಮಾಡಿದೆ.
ಬರೂ ದಾರಿ ಅಷ್ಟ ಕೂಡಿದರ ಸಾಲದು,
ತಿರುಗಿ ಹೋಗೂ ದಾರೀನೂ ಕೂಡಬೇಕು.

ಖಾಲಿಯಾದ ಏಳಕ್ಕ ಹೊಸ ಹದಿನಾರು, ದಪ್ಪ ವೈರು.
ಮಷೀನು ಗುರ್ ಅಂತು.
ಮೊದಲ ರೊಟ್ಟಿ ರಾಯಚೂರಿನ ನಕಾಶೆಯಂಗ ಬಂತು.
ಎರಡನೇದು ದುಂಡಗ.

ನಾಲ್ಕರ ಮುಂದ ಏನು ಬರೀಲಿ ಅಂತ
ಪೆನ್ಸಿಲ್ ಹಿಡದು ಕೇಳಿದೆ.
ಈ ಕಡಿಯಿಂದ ‘ಪಡಸಾಲಿ’, ಆ ಕಡಿಯಿಂದ ‘ಬಚ್ಚಲಾ’,
ಇಬ್ಬರದೂ ಒಮ್ಮೆಲೆ.
ಬರೀ ನಂಬರ್ ಬರದು ಮುಚ್ಚಳ ಹಾಕಿದೆ.

ಮಜೂರಿ ನಾನೂರು.
ಇನ್ನೂರು ಕೈಗೆ ಬಂತು.
ಇನ್ನೂರಕ್ಕ ಕಿಡಕಿ ಕಡೆ ನೋಡಕೋತ
ಕುಂತೇನಿ, ಬಿಸಿ ರೊಟ್ಟಿ ತಿನಕೋತ.