ಹಗೇವು

ಕಾಸ್ತ್ರೋದಿಂದ ಲಿಸಾಂದ್ರೊ ಹೇಳುತ್ತಾನೆ:
ನನ್ನ ಯಂತ್ರದಲ್ಲಿ ಓಡುತ್ತದೆ.
ಓಡಲಿ ಮಾರಾಯ, ನನ್ನದರಲ್ಲಿ ಕುಂಟುತ್ತದೆ.
ಅವನದು ಹದಿನಾರನೆಯ ಆವೃತ್ತಿ, ನನ್ನದು ಹನ್ನೆರಡು,
ನಡುವೆ ಒಂದು ತೋಳು ಕಡಲು.

ಅದಕ್ಕೇ ಈ ರಾತ್ರಿ, ಅಚಾವೊದಲ್ಲಿ,
ಸೌದೆ ಒಲೆಯ ಪಕ್ಕಕ್ಕೆ ಮೇಜು ಎಳೆದುಕೊಂಡು
ಡೇಟಾಬೇಸಿಗೊಂದು ಕಂಟೇನರ್ ಕಟ್ಟಲು ಕೂತಿದ್ದೇನೆ.
ನೆಲ, ಗೋಡೆ, ಮಾಡು ತನ್ನೊಳಗೇ ಇಟ್ಟುಕೊಂಡ ಪುಟ್ಟ ಮನೆ,
ಅವನ ಅಂಗಳದಲ್ಲಿಟ್ಟರೂ ನನ್ನದರಲ್ಲಿಟ್ಟರೂ ಅದೇ ಮನೆ.

ಹತ್ತು ಸಾಲಿನ ಕಡತ, ಮಡಿವಂತರ ಹಾಗೆ
ಒಂದು ಸ್ಪೇಸ್ ತಾಕಿದರೂ ಹೌಹಾರುತ್ತದೆ.
ಇಮೇಜು, ಬಳಕೆದಾರರ ಹೆಸರು, ಪಾಸ್‌ವರ್ಡು.
ಗುಟ್ಟೇನು ಬಂತು, ಆಲೂಗಡ್ಡೆ ಎಂದೇ ಬರೆದೆ.

ಏಳು ಅಂದೆ. ಏಳಲಿಲ್ಲ.
೫೪೩೨ನೇ ಬಾಗಿಲಲ್ಲಿ ಯಾರೋ ಇದ್ದಾರಂತೆ.
ಹುಡುಕಿದರೆ, ಹೋದ ವರ್ಷದ ಮೀನು ಲೆಕ್ಕದ ಡೇಟಾಬೇಸು!
ಕೆಲಸ ಮುಗಿದು, ಹಣ ಬಂದು, ಖರ್ಚೂ ಆಗಿದೆ,
ಇದು ಮಾತ್ರ ಕುಕ್ಕರುಗಾಲಲ್ಲಿ ಕಾಯುತ್ತಾ ಕೂತಿದೆ
ಯಾರೂ ಕೇಳದ ಪ್ರಶ್ನೆಗೆ ಉತ್ತರ ಹಿಡಿದು.
ಎಬ್ಬಿಸಿ ಕಳಿಸಲು ಮನಸ್ಸಾಗಲಿಲ್ಲ.
ಹೊರಗೆ ೫೪೩೩, ಒಳಗೆ ೫೪೩೨ ಎಂದು ತಿದ್ದಿದೆ,
ಬೀದಿಗೊಂದು ನಂಬರು, ಮನೆಯವರಿಗೊಂದು.
ಎದ್ದಿತು.

ದೊಣ್ಯಾ ಎರ್ಮೆಲಿಂದಾ ಚಿಗ್ವಾಯ್ ಆಗಲೇ ಬಂದು ಕೂತಿದ್ದರು.
ಸಂಘದ ಬಿತ್ತನೆ ಗೆಡ್ಡೆಗಳ ಲೆಕ್ಕ
ಅವರ ಬಾಯಲ್ಲಿದೆ, ಬೇರೆಲ್ಲೂ ಇಲ್ಲ.
ಹೇಳುತ್ತಾ ಹೋದರು, ಒತ್ತುತ್ತಾ ಹೋದೆ:
ಮಿಚುನ್ಯೆ, ಕಪ್ಪು, ಗಂಟುಗಂಟು, ನಾದಿನಿ ಕೊಟ್ಟಿದ್ದು.
ಬ್ರೂಹಾ, ಅಂದರೆ ಮಾಟಗಾತಿ, ಕೊಯ್ದರೆ ಒಳಗೂ ನೇರಳೆ.
ಕ್ಲಾವೇಲಾ. ಗ್ವಾಡಾಚೊ, ಬೆರಳುದ್ದ,
ಇದನ್ನು ಯಾರಿಗೂ ಮಾರಬೇಡಿ ಅಂತ ಬರಿ.
ಅದಕ್ಕೆ ಕಾಲಂ ಇಲ್ಲ ಅಂದೆ. ಮಾಡು ಅಂದರು.
ಮಾಡಿದೆ.
ನಲವತ್ತೊಂದು ಸಾಲು.

ಏನೋ ಒಂದು ಸೆಟ್ಟಿಂಗ್ ಬದಲಿಸಲೆಂದು
ಕೆಡವಿ ಮತ್ತೆ ಎಬ್ಬಿಸಿದೆ.
ಮನೆ ಎದ್ದಿತು, ಚೊಕ್ಕವಾಗಿ, ಹೊಚ್ಚಹೊಸದಾಗಿ.
ಎಣಿಸು ಅಂದೆ.
ಅಂಥ ಟೇಬಲ್ಲೇ ಇಲ್ಲ ಎಂದಿತು.
ಸುಳ್ಳಲ್ಲ. ಅದರ ಪಾಲಿಗೆ ಇದು ಹುಟ್ಟಿದ ದಿನ.

ನನಗೆ ಅಳು ಬಂದಷ್ಟೂ ಅವರಿಗೆ ನಗು.
"ನಮ್ಮಮ್ಮನ ಮನೆಯನ್ನು ಮಿಂಗಾ ಮಾಡಿ ಎಳೆದರಲ್ಲ,
ಆರು ಜೊತೆ ಎತ್ತು, ಕೆಳಗೆ ದಿಮ್ಮಿ, ಅರ್ಧ ಊರಿನ ಹೆಗಲು,
ಉಬ್ಬರಕ್ಕೆ ಕಾದು, ಇಡೀ ಮನೆಯನ್ನೇ ತೇಲಿಸಿ ಆಚೆ ದಡಕ್ಕೆ.
ಕಿಟಕಿಯ ಪರದೆ ಕೂಡ ಬಿಚ್ಚಿರಲಿಲ್ಲ. ಒಲೆಯಲ್ಲಿ ಕೆಂಡ ಹಾಗೇ.
ಸಂಜೆ ಅಡುಗೆಗೆ ಕೈಹಾಕಿದರೆ ಒಂದು ಗೆಡ್ಡೆ ಇಲ್ಲ!
ಹಗೇವು ಮನೆಯೊಳಗಿರುತ್ತದೇನೆ, ಹುಚ್ಚಿ?
ಅದು ಹಿಂದೆ, ನೆಲದಲ್ಲೇ ಉಳಿದಿತ್ತು.
ಅಪ್ಪ ದೋಣಿ ಹತ್ತಿ ಹೋದ. ಒಂದೂ ಕೊಳೆತಿರಲಿಲ್ಲ.
ಮನೆ ಎದ್ದರೆಷ್ಟು, ಬಿದ್ದರೆಷ್ಟು."

ಕಡತದ ತುದಿಗೆ ವಾಲ್ಯೂಮ್ ಎಂದು ಸೇರಿಸಿದೆ.
ಒಳಗಿನ ಈ ಕೋಣೆಯ ತಳ
ನಿಜಕ್ಕೂ ಹೊರಗಿನ ಈ ಗುಂಡಿ, ಅಷ್ಟೇ ಅದರ ಅರ್ಥ.
ಗುಂಡಿಗೊಂದು ಹೆಸರು ಬೇಕಿತ್ತು.
ಅವರಮ್ಮನ ಹೆಸರಿಟ್ಟೆ.

ಮೊದಲಿಂದ ಹೇಳಿ.
ಹೇಳಿದರು. ಅದೇ ಅಲ್ಲ.
ಮಿಚುನ್ಯೆ ಈ ಸಲ ನಾದಿನಿಯದಲ್ಲ, ಬಸ್ಸಿನಲ್ಲಿ ಯಾರೋ ಕೊಟ್ಟಿದ್ದು.
ಮೂರು ಹೆಸರು ನಾಲಿಗೆಗೆ ಬರಲೇ ಇಲ್ಲ,
ಕೆಂಡವನ್ನೇ ನೋಡುತ್ತಾ ಬಹಳ ಹೊತ್ತು ಕೂತರು.
ಮೊದಲು ಹೇಳದ ಒಂದು ಬಂತು, ಹೆಸರಿಲ್ಲದ್ದು,
ತಂಗಿ ಇದ್ದಾಗ ಬೆಳೆಯುತ್ತಿದ್ದದ್ದು ಅಂತಲೇ ಬರೆಸಿದರು.

ಕೆಡವಿದೆ. ಎಬ್ಬಿಸಿದೆ. ಎಣಿಸು.
ಮೂವತ್ತೊಂಬತ್ತು.
ಇನ್ನೊಮ್ಮೆ ಕೆಡವು ಅಂದರು, ರುಚಿ ಹತ್ತಿದವರಂತೆ.
ಕೆಡವಿದೆ.
ಒಲೆಗೆ ಮತ್ತೊಂದು ಕೊಳ್ಳಿ ತಳ್ಳುತ್ತಾ ಕೇಳಿದರು:
"ಆ ಬಾಗಿಲಲ್ಲಿ ಕೂತ ಮೀನಿನವನದು
ಊಟ ಗೀಟ ಆಯಿತೇನೆ?"