ಬೆಟ್ಟದ ಬಣ್ಣ

ಪ್ರದರ್ಶನಕ್ಕೆ ಇನ್ನು ಒಂಬತ್ತು ದಿನ.
ಗೌರಿಪೇಟೆಯ ಮಹಡಿಯಲ್ಲಿ, ಚಾಪೆಯ ಮೇಲೆ
ಅಂತರಗಂಗೆ ಬೆಟ್ಟ
ಉಲ್ಲನ್ನಿನಲ್ಲಿ ಸೊಂಟದೆತ್ತರ ಎದ್ದಿದೆ.

ಲೆಕ್ಕದ ಪುಸ್ತಕದಲ್ಲಿ ನಾನು ಬರೆದದ್ದು ಬೂದು:
ಹನ್ನೆರಡು ಉಂಡೆ, ರಸೀದಿ ಸಮೇತ.
‘ಬೂದು ಅಂತ ಯಾರಂದ್ರು?’
ಕಠಾರಿಪಾಳ್ಯದ ಮುನಿರತ್ನಮ್ಮ ಎದ್ದೇ ನಿಂತಳು.
‘ದಿನಾ ಹಾಲಿನ ಕ್ಯಾನು ಇಳಿಸೋವಾಗ ನೋಡ್ತೀನಿ. ನೇರಳೆ.’
ಗುಲ್‌ಪೇಟೆಯ ಖೈರುನ್ನಿಸಾಗೆ
ಮಗ್ರಿಬ್ ಹೊತ್ತಿನಲ್ಲಿ ಅದು ತಾಮ್ರ.
ಆಸ್ಪತ್ರೆಯಲ್ಲಿ ಮೂವತ್ತು ವರ್ಷ
ರಾತ್ರಿಪಾಳಿ ಮಾಡಿದ ಸುಗುಣಮಣಿ ಸಿಸ್ಟರು
ಮಾತಿಲ್ಲದೆ ಕಪ್ಪು ದಾರ ತೆಗೆದು ಶುರುವಿಟ್ಟರು.

ನಾನು ಬಾಯಿ ಬಿಡಲಿಲ್ಲ.
ನನ್ನ ಕಿಟಕಿಗೆ ಎದುರು ಮನೆಯ ಗೋಡೆ.
ಬೂದು ಅದರದ್ದು.

ನಾಲ್ಕು ಸಾಲಾದ ಮೇಲೆ ಜಗಳ.
ಕ್ರೋಶಾ ಬಿಚ್ಚುವುದು ಎಷ್ಟು ಹೊತ್ತು,
ಒಂದು ಕುಣಿಕೆ ಎಳೆದರೆ
ಬೆಟ್ಟವೇ ಕೈಗೆ ಬರುತ್ತದೆ.
ಯಾರೂ ಎಳೆಯಲಿಲ್ಲ.
ಖೈರುನ್ನಿಸಾ ತನ್ನ ತಾಮ್ರದ ತುದಿಯನ್ನು
ಸಿಸ್ಟರ ಕಪ್ಪಿಗೆ ಗಂಟು ಹಾಕಿ
ಹಲ್ಲಲ್ಲಿ ಕಚ್ಚಿ ತುಂಡರಿಸಿ,
‘ಟೀ ಇಡ್ರಮ್ಮಾ ಯಾರಾದ್ರೂ’ ಅಂದಳು.

ಬೂದು ಉಂಡೆಗಳನ್ನು ಅಂಗಡಿಯವನು ವಾಪಸು ತಗೊಳ್ಳಲ್ಲವಂತೆ.
ಬೆಟ್ಟದ ಹೊಟ್ಟೆಗೆ ತುರುಕಿದ್ದೇವೆ,
ಅದಕ್ಕೇ ನಿಂತಿದೆ.

ಇನ್ನು ಕಲ್ಲು ಬಸವನ ಬಾಯಿಂದ ನೀರು ಬೀಳಬೇಕು.
ನೀಲಿ ಇಲ್ಲ, ದುಡ್ಡೂ ಇಲ್ಲ.
ಮುನಿರತ್ನಮ್ಮ ಮಗಳ ಸ್ಕೂಲು ಸ್ವೆಟರು ತಂದಿದ್ದಾಳೆ,
ಮೊಣಕೈ ಸವೆದದ್ದು.
ಬಿಚ್ಚುತ್ತಾ ಸ್ಟೀಲು ಲೋಟಕ್ಕೆ ಸುತ್ತುತ್ತಿದ್ದೇನೆ.
ಆರು ವರ್ಷದ ಹೆಣಿಗೆ,
ಎಷ್ಟು ನೀವಿದರೂ ದಾರ
ಅಲೆಯಲೆಯಾಗಿಯೇ ಉಳಿಯುತ್ತಿದೆ.
‘ಬಿಡ್ರೀ, ಇಸ್ತ್ರಿ ಗಿಸ್ತ್ರಿ ಬೇಡ,’ ಎನ್ನುತ್ತಾರೆ ಸಿಸ್ಟರು,
‘ನೀರು ತಾನೆ.’