ಹಸನು

ಅಂಗನವಾಡಿಯ ಎರಡು ಕಿಟಕಿಗೆ
ಒಂದು ಕಂಬಳಿ, ಒಂದು ಗೋಣಿಚೀಲ,
ಬಾಗಿಲ ಸಂದಿಗೆ ಆಯಾಳ ಹಳೇ ಸೀರೆ.
ಮೊದಲು ಕತ್ತಲೆ ಮಾಡಬೇಕು ನಾವು.
ಪಾಪೆ ತಾನಾಗಿ ಹಿಗ್ಗಬೇಕು,
ಬಾವಿಗೆ ಬಗ್ಗಿದ ಹಾಗೆ ಆಮೇಲೆ ಇಣುಕಬೇಕು.

ಚಿಂಚೋಳಿ ದಾಟಿ, ಡಾಂಬರು ಮುಗಿದು,
ಮತ್ತೂ ಒಂದು ಹರದಾರಿ.
ಕ್ಯಾಮೆರಾ ನನ್ನ ತೊಡೆಯ ಮೇಲೆ ಬಂದಿದೆ,
ದುಪ್ಪಟಿ ಸುತ್ತಿಕೊಂಡು, ಕೂಸಿನ ಹಾಗೆ.
ಕರೆಂಟು ಹತ್ತಕ್ಕೇ ಹೋಯಿತು. ಬ್ಯಾಟರಿ
ನಲವತ್ತು ಕಣ್ಣಿಗೆ ಸಾಕು.
ಹೊರಗೆ ಮೂವತ್ತೊಂದು ಜನ,
ಅಂದರೆ ಅರವತ್ತೆರಡು.
ಅಲ್ಲ, ಅರವತ್ತೊಂದು:
ಥಾವರು ಚವ್ಹಾಣನ ಎಡಗಣ್ಣು
ಹಿಂದೆಯೇ ಎತ್ತಿನ ಕೊಂಬಿಗೆ ಹೋಗಿದೆ.
ಯಾರು ಮೊದಲು ಎಂಬುದನ್ನು
ಆಶಾ ಲಾಲಬಿ ರಿಜಿಸ್ಟರ್ ನೋಡಿ ಆರಿಸುತ್ತಾಳೆ.

"ಸಕ್ರಿ ಬ್ಯಾನಿ ಎಷ್ಟ ವರ್ಸಾತು?"
"ಬಾರಾ ಸಾಲ್," ಎಂದ ಬಂದಗೀಸಾಬ.
"ಯಾರಿಗ್ಗೊತ್ರಿ," ಎಂದಳು ಅಣ್ಣೆಮ್ಮ,
"ಗುಳಿಗಿ ಕೊಟ್ರ ನುಂಗ್ತೀನಿ. ತೀರಿದ್ರ ಬಿಡ್ತೀನಿ."

ಗದ್ದ ಇಡ್ರಿ. ಹಣಿ ಒತ್ರಿ.
ಹಸಿರು ಚುಕ್ಕಿ ನೋಡ್ರಿ. ರೆಪ್ಪಿ ಬಡೀಬ್ಯಾಡ್ರಿ.
ಒಂದು ಮಿಂಚು.
ಪರದೆಯ ಮೇಲೆ ಕೇಸರಿ ಚಂದ್ರ,
ಅದರ ಮೈತುಂಬ ಕೆಂಪು ಬೇರು.
ತಮ್ಮೊಳಗೆ ಇಂಥದೊಂದು ಇದೆಯೆಂದು
ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಏನೂ ಕಾಣವಲ್ದು, ಎಲ್ಲಾ ಮಬ್ಬ ಮಬ್ಬ"
ಎಂದು ಗೋಳಿಟ್ಟವನಿಗೆ ಬರೀ ಮೋತಿಬಿಂದು.
ತೆಗೆಸಿದರೆ ಆಯಿತು. ನಗಿಸಿ ಕಳಿಸಿದೆ.

ಜಮಲಾಬಾಯಿ ಬಂದದ್ದು ಸಾಲಿಗಲ್ಲ,
ನಾದಿನಿಯ ಜೋಡಿ, ಸುಮ್ಮನೆ.
"ನಂಗೇನಾಗ್ಯಾದ?" ಎನ್ನುತ್ತಿದ್ದವಳನ್ನು
ಲಾಲಬಿ ಬೆನ್ನು ನೂಕಿ ಒಳಗೆ ತಂದಳು.
ಹದಿನೆಂಟು ವರ್ಷದಿಂದ ಮಿಲ್ಲಿನಲ್ಲಿ
ತೊಗರಿಬೇಳೆ ಹಸನು ಮಾಡುವವಳು.
ಮೊರದ ಮೇಲೊಮ್ಮೆ ಬೆರಳಾಡಿಸಿದರೆ
ಕಲ್ಲು ತಾನೇ ಎದ್ದು ಬರುತ್ತದಂತೆ.
ಗೋಡೆಗೆ ತೂಗಿದ ಮೂರು ಕಾಲಿನ ಗುರುತುಗಳಲ್ಲಿ
ಎಲ್ಲಕ್ಕೂ ಕೆಳಗಿನ, ಇರುವೆಯಷ್ಟು ಸಣ್ಣ ಸಾಲು:
ಮೇಲ, ಎಡಕ, ಕೆಳಗ, ಮತ್ತ ಎಡಕ.
ಒಂದೂ ತಪ್ಪಲಿಲ್ಲ.

ಮಿಂಚು.
ಚಂದ್ರ ಮೂಡಿತು.
ನಾನು ಸುಮ್ಮನಾದೆ.

ನೋವಿಲ್ಲ, ಕೆಂಪಿಲ್ಲ, ನೀರು ಸೋರಿಲ್ಲ.
ಇರುವೆ ಕಾಣುವವಳಿಗೆ ಏನೆಂದು ಹೇಳಲಿ?
ತರಬೇತಿಯಲ್ಲಿ ಕಲಿಸಿದ ಮಾತೆಲ್ಲ ನೆನಪಾದವು.
ಒಂದೂ ಕನ್ನಡದಲ್ಲಿರಲಿಲ್ಲ.

ಅವಳೇ ಪರದೆಗೆ ಬಗ್ಗಿದಳು.
"ಬ್ಯಾಳ್ಯಾಗ ಕಲ್ಲ ಅವಲ್ಲ."
ನಾನು ಐದು ಗುರುತಿಸಿದ್ದೆ.
ಅವಳ ಬೆರಳು, ಉಗುರ ಸಂದಿಯಲ್ಲಿ ಬೇಳೆಯ ಧೂಳು,
ಗಾಜು ಮುಟ್ಟದೆ ಮೇಲೆಮೇಲೆ ಹಾರಿತು:
"ಇದು. ಇದು. ಇಲ್ಲಿ ಎರಡ.
ಈ ನರದ ಮಗ್ಗಲ ಸಣ್ಣದೊಂದು ಕುಂತದ ನೋಡ್ರಿ..."
ಒಂಬತ್ತು.
ದೊಡ್ಡದು ಮಾಡಿ ಎಣಿಸಿದೆ.
ಒಂಬತ್ತೇ.

"ಆರಿಸಿ ಒಗೀರಿ ಮತ್ತ."

ಒಗೆಯಲು ಬರುವುದಿಲ್ಲ ಅಕ್ಕಾ, ಎಂದೆ.
ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ
ಬೆಳಕಿನಿಂದ ಸುಡುತ್ತಾರೆ, ಹೊಸವು ಬಾರದ ಹಾಗೆ.
ಸಕ್ಕರೆ ಹಿಡಿತದಲ್ಲಿರಬೇಕು. ಎರಡು ಸಲ
ಹೋಗಬೇಕಾದೀತು, ಮೂರೂ ಆದೀತು.
ಅವಳು ಮನಸ್ಸಿನಲ್ಲೇ ಪಗಾರ ಕಳೆದಳು. ಕಂಡಿತು ನನಗೆ.
"ಹಾಂಗಾದ್ರ ಅದು ಹಸನ ಅಲ್ಲ," ಎಂದಳು. "ಕಾವಲ."

"ಆ ಫೋಟೋ ಕೊಡ್ತೀರೇನು?"
ಪ್ರಿಂಟರ್ ಇರಲಿಲ್ಲ.
ಚೀಟಿಯ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ
ಒಂದು ದುಂಡು ಬರೆದು ಒಂಬತ್ತು ಚುಕ್ಕಿ ಇಟ್ಟೆ.
"ಆ ಕಡೀದು ಇನ್ನಾ ಚೂರು ಕೆಳಗ," ಎಂದು ತಿದ್ದಿಸಿದಳು.
ಚಿಲ್ಲರೆಯ ಜೊತೆ ಸೆರಗಿಗೆ ಗಂಟು.

ಬಾಗಿಲ ಸೀರೆ ಸರಿಸಿದಾಗ
ಬಿಸಿಲು ಒಳಗೆ ಬಿದ್ದು ನಮ್ಮ ಕತ್ತಲೆ ಕೆಟ್ಟಿತು.
ಬ್ಯಾಟರಿಯಲ್ಲಿ ಕೆಂಪು ಗೆರೆ. ಹೊರಗೆ ಇನ್ನೂ ಹದಿನಾರು ಕಣ್ಣು.
"ಬಸ್ ಎಷ್ಟಕ್ಕ?"
"ಆರೂ ನಲವತ್ತಕ್ಕೆ. ಬಂದರೆ."
"ಬಂದ್ರ," ಎಂದಳು ಅವಳೂ,

ಬಸ್ಸಿಗೆ ಅಂದಳೋ, ತನಗೇ ಅಂದುಕೊಂಡಳೋ.